ಹೊಗೆ ಹೋಗುವ ದಾರಿ

ಶ್ರೀರಂಗಪಟ್ಟಣದ ಪಶ್ಚಿಮಕ್ಕೆ ಕಾವೇರಿಯ ಬದಿಯಲ್ಲಿರುವ ಪಾಲಹಳ್ಳಿಯನ್ನು ಈಗಿನವರು ರಂಗನತಿಟ್ಟಿನ ಹತ್ತಿರದ ಊರು ಎಂದಷ್ಟೇ ಬಲ್ಲರು. ಆದರೆ 1847ರಲ್ಲಿ ಗ್ರೋವ್ಸ್ ಕಂಪನಿಯವರು ಇಲ್ಲೊಂದು ಸಕ್ಕರೆ ಕಾರ್ಖಾನೆ ತೆರೆದಿದ್ದರು. ಅಷ್ಟಗ್ರಾಮ ಶುಗರ್ ವರ್ಕ್ಸ್ ಎಂದು ಅದರ ಹೆಸರು. ಮಂಡ್ಯದ ಸಕ್ಕರೆ ಕಂಪನಿ ಸ್ಥಾಪನೆಯಾದದ್ದು 1933ರಲ್ಲಿ. ಅದಕ್ಕಿಂತ 86 ವರ್ಷ ಹಿಂದಿನ ಮಾತಿದು. ಪಾಲಹಳ್ಳಿಯ ಕಾರ್ಖಾನೆಯಲ್ಲಿ ರೈತರು ಕಾಯಿಸಿ ತಂದ ಬೆಲ್ಲವನ್ನು ಕೊಂಡು, ಅದನ್ನು ಶುದ್ಧಿಮಾಡಿ ಸಕ್ಕರೆ ತೆಗೆಯುತ್ತಿದ್ದರು. ಆಲೆಮನೆಯ ಹೊಗೆಯಲ್ಲಿ, ಕೊಪ್ಪರಿಗೆಯ ಉರಿಯಲ್ಲಿ ಕಂದಾದ ಬೆಲ್ಲ ಬಿಳಿಯ ಹರಳಾಗುವುದೆಂದರೆ ಆ ಕಾಲದ ಹಳ್ಳಿಗರಿಗೆ ಕಣ್ಕಟ್ಟಿನಂತೆ ಕಂಡಿದ್ದೀತು.

ಕಂದನ್ನು ಬಿಳಿದು ಮಾಡಲು 19ನೆಯ ಶತಮಾನದ ಯೂರೋಪಿನ ಸಕ್ಕರೆಯವರು ಹಿಡಿದ ದಾರಿ ಇನ್ನೂ ವಿಚಿತ್ರ. ಅವರು ಮೂಳೆ ಸುಟ್ಟ ಇದ್ದಿಲ ಮೂಲಕ ಪಾಕವನ್ನು ಸೋಸುತ್ತಿದ್ದರು. ಕಡುಕಪ್ಪು ಇದ್ದಿಲು ಪಾಕದ ಬಣ್ಣವನ್ನೆಲ್ಲ ತಾನು ಹಿಡಿದಿಟ್ಟುಕೊಂಡು ತಿಳಿಯನ್ನು ಕೆಳಗೆ ಬಿಡುತ್ತದೆ. ಇದ್ದಿಲಿನ ಮೈಯಲ್ಲಿ ಕಣ್ಣಿಗೆ ಕಾಣದ ಲೆಕ್ಕವಿಲ್ಲದಷ್ಟು ರಂಧ್ರಗಳಿವೆ. ಬಣ್ಣ, ವಾಸನೆ, ಕೆಲವು ಅನಿಲಗಳು ಅಲ್ಲಿ ಹೋಗಿ ಅಂಟಿಕೊಳ್ಳುತ್ತವೆ. 1854ರಲ್ಲಿ ಜಾನ್ ಸ್ಟೆನ್‌ಹೌಸ್ ಎಂಬ ಸ್ಕಾಟ್ಲೆಂಡಿನ ರಸಾಯನ ವಿಜ್ಞಾನಿ ಇದೇ ಗುಣವನ್ನು ಗಾಳಿಗೆ ಹೊಂದಿಸಿ, ಇದ್ದಿಲು ತುಂಬಿದ ಮುಖವಾಡ ಮಾಡಿದ. ಮೊದಲ ಮಹಾಯುದ್ಧದಲ್ಲಿ ವಿಷಾನಿಲ ಬಂದಾಗ ಸಿಪಾಯಿಗಳ ಮುಖವಾಡಕ್ಕೆ ತೆಂಗಿನ ಚಿಪ್ಪಿನ ಇದ್ದಿಲು ಹೋಯಿತು. ನಮ್ಮ ಹಿತ್ತಿಲಲ್ಲಿ ನೀರೊಲೆಗೆ ಹಾಕುತ್ತಿದ್ದೆವಲ್ಲ, ಅದೇ ಚಿಪ್ಪು.

ಇಷ್ಟೆಲ್ಲ ನೆನಪಾದದ್ದು ನನ್ನ ಮೈದುನನ ಸೊಸೆ ಕೇಳಿದ ಒಂದು ಪ್ರಶ್ನೆಯಿಂದ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವಳು. ನಿವೃತ್ತಿಯಾಗಿ ವರ್ಷಗಳಾದರೂ ಮಿಕ್ಸಿ ಕೆಟ್ಟರೂ ನೀರು ಗಡುಸಾದರೂ ಮನೆಯವರು ನನ್ನನ್ನೇ ಕೇಳುತ್ತಾರೆ. ಮೈಸೂರಿನ ಅವರ ಮನೆಯಲ್ಲಿ ಹಜಾರಕ್ಕೆ ಅಂಟಿದ ಒಂದು ಕೋಣೆ ನನ್ನ ಮೈದುನನದು. ಕಾಲೇಜಿನ ದಿನಗಳಿಂದ ಸಿಗರೇಟು ಬಿಡದವನು. ಹಜಾರದಾಚೆಯ ಕೋಣೆಯಲ್ಲಿ ನಾಲ್ಕು ತಿಂಗಳ ಕೂಸು.

“ದೊಡ್ಡತ್ತೆ, ಮಾವನೋರ ರೂಮಿಗೆ ಗಾಳಿ ಶುದ್ಧ ಮಾಡೋ ಮಿಷನ್ ತಗೋಬೇಕು ಅಂತಿದೀವಿ. ಯಾವುದು ತಗೊಳ್ಳೋಣ ಹೇಳಿ” ಎಂದಳು. ಮಾವ ಸೇದುವುದನ್ನು ಬಿಡಲಿ ಎನ್ನಲಿಲ್ಲ. ಹಾಗೆನ್ನಲು ಮದುವೆಯಾಗಿ ಎರಡು ವರ್ಷದ ಸೊಸೆಗೆ ಬಾಯಿ ಬಂದೀತೆ? ಹೇಳಲಾಗದ್ದನ್ನು ಯಂತ್ರದಿಂದ ಮಾಡಿಸುವ ಉಪಾಯ ಅದು. ನನಗೆ ಅರ್ಥವಾಯಿತು. ಆದರೆ ಯಂತ್ರದ ಹೆಸರು ಹೇಳುವ ಮುಂಚೆ, ಮನುಷ್ಯ ಮನೆಯೊಳಗಿನ ಹೊಗೆಗೆ ಏನೇನು ಮಾಡಿದ್ದಾನೆಂದು ಒಮ್ಮೆ ಹಿಂದಿರುಗಿ ನೋಡಬೇಕೆನ್ನಿಸಿತು.

ತಂಬಾಕು ಮೊಗಲರ ಆಸ್ಥಾನಕ್ಕೆ ಹೋದದ್ದು ನಮ್ಮ ಬಿಜಾಪುರದಿಂದ. 1604ರ ಸುಮಾರಿಗೆ ಅಕ್ಬರನ ರಾಯಭಾರಿ ಅಸದ್ ಬೇಗ್ ಆದಿಲಶಾಹಿಗಳ ರಾಜಧಾನಿಯಲ್ಲಿ ಈ ಹೊಸ ಸೊಪ್ಪನ್ನು ಕಂಡು, ರತ್ನ ಕೆತ್ತಿದ ಸೇದುಗೊಳವೆಯ ಸಮೇತ ಆಗ್ರಾಕ್ಕೆ ಒಯ್ದು ಬಾದಶಹನ ಮುಂದಿಟ್ಟ. ಅಕ್ಬರ್ ಒಂದೆರಡು ದಮ್ಮು ಎಳೆದ. ಆಸ್ಥಾನದ ವೈದ್ಯ ಬೇಡವೆಂದ. 1617ರಲ್ಲಿ ಜಹಾಂಗೀರ್ ತಂಬಾಕನ್ನು ನಿಷೇಧಿಸಿದ. ನಿಷೇಧ ಮೂಲೆ ಸೇರಿತು, ಹುಕ್ಕಾ ಜಮಖಾನೆಯ ಮೇಲೆ ಕೂತಿತು. ಹೊಗೆ ನೀರಿನಲ್ಲಿ ಗುಳುಗುಳು ಎಂದು ತೊಳೆದು ಬರುತ್ತದೆ, ಆದ್ದರಿಂದ ದೋಷವಿಲ್ಲ ಎಂಬ ನಂಬಿಕೆ ಅದರ ಬೆನ್ನಿಗೇ ಬಂತು. ನೀರು ಹೊಗೆಯನ್ನು ತಣ್ಣಗೆ ಮಾಡುತ್ತದೆ, ಗಂಟಲಿಗೆ ಹಿತವೆನ್ನಿಸುತ್ತದೆ, ಅಷ್ಟೆ. ವಿಷದ ಬಹುಪಾಲು ಹಾಗೆಯೇ ದಾಟುತ್ತದೆ. ಮೇಲಿನ ಕೆಂಡದಿಂದ ಬರುವ ಇಂಗಾಲದ ಮಾನಾಕ್ಸೈಡ್ ಬೇರೆ. ಕರ್ನಾಟಕ ಸರ್ಕಾರ 2024ರ ಫೆಬ್ರವರಿಯಲ್ಲಿ ಹುಕ್ಕಾದ ಮಾರಾಟ, ಸೇವನೆಗಳನ್ನು ನಿಷೇಧಿಸಿತು. ಆ ಗುಳುಗುಳು ಸೇದುವವನ ಗಂಟಲಿಗಾಗಿ ಮಾಡಿದ್ದು. ಪಕ್ಕದಲ್ಲಿ ಕೂತವರಿಗೆ ಅದರಿಂದ ಏನೂ ಇರಲಿಲ್ಲ.

ಇನ್ನೊಂದು ಸಂಗತಿ ನಮ್ಮ ಸೀಮೆಯದೇ. ಮೈಸೂರಿನಾಚೆ ಹುಣಸೂರು, ಪಿರಿಯಾಪಟ್ಟಣದ ಕಡೆ ಹೋದರೆ ಹೊಲಗಳ ನಡುವೆ ಎತ್ತರದ ಗೋಡೆಯ, ಕಿಟಕಿಯಿಲ್ಲದ ಮನೆಗಳು ಕಾಣುತ್ತವೆ. ತಂಬಾಕು ಹದ ಮಾಡುವ ಬ್ಯಾರನ್‌ಗಳು. ಹೊರಗಿನ ಒಲೆಯಲ್ಲಿ ಸೌದೆ ಉರಿಯುತ್ತದೆ. ಅದರ ಬಿಸಿ ಹೊಗೆ ಒಳಗಿನ ತಗಡಿನ ಕೊಳವೆಗಳಲ್ಲಿ ಸುತ್ತಿ, ಚಿಮಣಿಯಿಂದ ಹೊರಗೆ ಹೋಗುತ್ತದೆ. ಎಲೆಗೆ ಕಾವು ಮಾತ್ರ ತಾಗಬೇಕು, ಹೊಗೆ ಸೋಕಬಾರದು. ಸೋಕಿದರೆ ಬಣ್ಣ ಕೆಟ್ಟು ಬೆಲೆ ಬೀಳುತ್ತದೆ. ಹೊಗೆಸೊಪ್ಪು ಎಂದು ಹೆಸರಿರುವ ಸೊಪ್ಪಿಗೇ ಹೊಗೆ ತಾಗದಂತೆ ಇಷ್ಟು ಏರ್ಪಾಡು!

ಅದೇ ರೈತನ ಮನೆಯ ಅಡಿಗೆಕೋಣೆಗೆ ಕೊಳವೆಯೂ ಇಲ್ಲ, ಚಿಮಣಿಯೂ ಇಲ್ಲ. ಪಾಲಹಳ್ಳಿಯ ನಮ್ಮ ಅತ್ತೆಯ ಮನೆಯಲ್ಲಿ ಇದ್ದದ್ದು ಹೆಂಚಿನ ನಡುವೆ ಒಂದು ಗವಾಕ್ಷಿ. ಬಿಸಿಲುಕೋಲು ಅದರಿಂದ ಇಳಿದಾಗ ಹೊಗೆ ಅದರಲ್ಲಿ ಸುರುಳಿ ಸುರುಳಿಯಾಗಿ ಕಾಣುತ್ತಿತ್ತು. ನೋಡಲು ಚೆಂದ. ಮಳೆಗಾಲದಲ್ಲಿ ಹಸಿಸೌದೆ, ಊದುಗೊಳವೆ, ಕಣ್ಣೀರು. ಅತ್ತೆ ಮೂವತ್ತು ವರ್ಷ ಆ ಒಲೆಯ ಮುಂದೆ ಹಿಟ್ಟು ತೊಳಸಿದರು. ಅವರು ಒಂದು ಬೀಡಿ ಮುಟ್ಟಿದವರಲ್ಲ. ಕೊನೆಯ ಆರು ವರ್ಷ ಮಲಗಿದರೆ ಉಸಿರು ಕಟ್ಟುತ್ತದೆಂದು ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದರು.

ಅಡಿಗೆಮನೆಯ ಹೊಗೆಯನ್ನು ವಿಜ್ಞಾನಿಗಳು ಗಂಭೀರವಾಗಿ ತೆಗೆದುಕೊಂಡದ್ದೂ ನಮ್ಮ ಆಸುಪಾಸಿನಲ್ಲೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನದ ಕೇಂದ್ರ ಹುಟ್ಟಿತು. ನಾಗಮಂಗಲಕ್ಕೆ ನೆರೆಯ ಕುಣಿಗಲ್ ತಾಲೂಕಿನ ಉಂಗ್ರದಲ್ಲಿ ಅವರು ಹಳ್ಳಿಯ ಕೆಲಸಕ್ಕೆ ನೆಲೆ ಮಾಡಿಕೊಂಡರು. ಮೂರು ಪಾತ್ರೆ ಕೂರುವ, ಹೊಗೆ ಚಿಮಣಿಯಲ್ಲಿ ಹೊರಹೋಗುವ, ಸೌದೆ ಕಡಿಮೆ ಬೇಡುವ ಅಸ್ತ್ರ ಒಲೆ ಅವರ ಕೊಡುಗೆ. 1983ರಲ್ಲಿ ಕೇಂದ್ರ ಸರ್ಕಾರವೂ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ಶುರುಮಾಡಿತು. ಒಲೆಯ ವಿದ್ಯೆ ಸರಳ: ಹೊಗೆಯನ್ನು ಸೋಸಲು ಹೋಗಬೇಡ, ಹುಟ್ಟಿದ ಜಾಗದಿಂದಲೇ ಅದಕ್ಕೊಂದು ದಾರಿ ಮಾಡಿ ಹೊರಗೆ ಕಳಿಸು. ನಮ್ಮ ಅತ್ತೆಯ ಮನೆಗೆ ಆ ಒಲೆ ಬರಲಿಲ್ಲ. ಗ್ಯಾಸ್ ಬರುವ ಹೊತ್ತಿಗೆ ಅವರಿಗೆ ಕೆಮ್ಮು ನೆಲೆಯಾಗಿತ್ತು.

ಸೇದದವರ ಕಡೆಗೆ ಲೋಕ ತಿರುಗಿ ನೋಡಿದ್ದು 1981ರಲ್ಲಿ. ಜಪಾನಿನ ತಕೇಶಿ ಹಿರಾಯಾಮ 91,540 ಮಂದಿ ಗೃಹಿಣಿಯರನ್ನು 14 ವರ್ಷ ಅನುಸರಿಸಿ ಲೆಕ್ಕ ಇಟ್ಟಿದ್ದರು. ಇವರಲ್ಲಿ ಒಬ್ಬರೂ ಸಿಗರೇಟು ಸೇದುವವರಲ್ಲ. ಗಂಡ ಹೆಚ್ಚು ಸೇದಿದಷ್ಟೂ ಹೆಂಡತಿಗೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹೆಚ್ಚು ಎಂದು ಅವರ ಲೆಕ್ಕ ತೋರಿಸಿತು. ತಂಬಾಕು ಕಂಪನಿಗಳ ಪರವಾದವರು ವರ್ಷಗಟ್ಟಲೆ ಅದರಲ್ಲಿ ಹುಳುಕು ಹುಡುಕಿದರು. ಆಮೇಲೆ ಬೇರೆ ಬೇರೆ ದೇಶಗಳ ಅಧ್ಯಯನಗಳೂ ಅದನ್ನೇ ಹೇಳಿದವು. ನನಗೆ ಮನಸ್ಸಿಗೆ ನಾಟಿದ್ದು ಸಂಖ್ಯೆಯಲ್ಲ, ಆ ಹೆಂಗಸರನ್ನು ಯಾರೋ ಒಬ್ಬರು ಎಣಿಸಿದರಲ್ಲ ಎಂಬುದು.

ನಮ್ಮಲ್ಲಿ ಇದು ನ್ಯಾಯಾಲಯಕ್ಕೆ ಹೋದದ್ದರಲ್ಲೂ ಒಬ್ಬ ಹೆಂಗಸಿನ ಪಾಲಿದೆ. ಕೇರಳದ ಕಾಲೇಜು ಅಧ್ಯಾಪಕಿ ಮೋನಮ್ಮ ಕೊಕ್ಕಾಡ್ ಅವರ ದೂರು ಉಚ್ಚ ನ್ಯಾಯಾಲಯ ಮುಟ್ಟಿ, 1999ರಲ್ಲಿ ಆ ರಾಜ್ಯದ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನಕ್ಕೆ ತಡೆ ಬಿತ್ತು. 2001ರಲ್ಲಿ ಸುಪ್ರೀಂ ಕೋರ್ಟು ಇಡೀ ದೇಶಕ್ಕೆ ಅಂಥದೇ ಆದೇಶ ಕೊಟ್ಟಿತು. 2003ರಲ್ಲಿ ಕಾಯಿದೆ, 2008ರ ಗಾಂಧಿ ಜಯಂತಿಯಿಂದ ಹೊಸ ನಿಯಮ. ಮೂವತ್ತು ಕೋಣೆಯ ಹೋಟೆಲು, ಮೂವತ್ತು ಆಸನದ ಉಪಾಹಾರ ಗೃಹ, ವಿಮಾನ ನಿಲ್ದಾಣ, ಇವುಗಳಲ್ಲಿ ಬೇಕಾದರೆ ಸೇದುವ ಕೋಣೆ ಇಡಬಹುದು. ಆ ಕೋಣೆ ಹೇಗಿರಬೇಕೆಂದು ನಿಯಮದಲ್ಲಿ ಬರೆದದ್ದನ್ನು ಓದಿದರೆ ನಮಗೆ ಬೇಕಾದ ಪಾಠವೆಲ್ಲ ಅಲ್ಲೇ ಇದೆ. ನಾಲ್ಕೂ ಕಡೆ ಪೂರ್ಣ ಎತ್ತರದ ಗೋಡೆ. ತಾನಾಗಿ ಮುಚ್ಚಿಕೊಳ್ಳುವ ಬಾಗಿಲು. ಒಳಗಿನ ಗಾಳಿ ನೇರವಾಗಿ ಕಟ್ಟಡದ ಹೊರಗೆ ಹೋಗಬೇಕು, ಬೇರೆ ಕೋಣೆಗಳ ಗಾಳಿಗೆ ಬೆರೆಯಬಾರದು. ಕೋಣೆಯ ಒಳಗಿನ ಒತ್ತಡ ಹೊರಗಿನದಕ್ಕಿಂತ ಕಡಿಮೆ ಇರಬೇಕು, ಅಂದರೆ ಬಾಗಿಲು ತೆರೆದಾಗ ಗಾಳಿ ಒಳಕ್ಕೆ ನುಗ್ಗಬೇಕೇ ಹೊರತು ಹೊಗೆ ಹೊರಕ್ಕೆ ಬರಕೂಡದು. ಬ್ಯಾರನ್ನಿನ ಕೊಳವೆ, ಉಂಗ್ರದ ಚಿಮಣಿ, ಇದು, ಮೂರರದ್ದೂ ಒಂದೇ ಸೂತ್ರ.

ಹಾಗಾದರೆ ಅಂಗಡಿಯ ಯಂತ್ರ? ಅದಕ್ಕೆ ಸಲ್ಲಬೇಕಾದ ಗೌರವ ಕೊಡೋಣ. ಅದರೊಳಗಿನ ಮಡಿಕೆ ಮಡಿಕೆಯ ಸೋಸುಹಾಳೆಯನ್ನು ಹೆಪಾ ಎನ್ನುತ್ತಾರೆ. 1940ರ ದಶಕದಲ್ಲಿ ಅಮೆರಿಕದ ಅಣುಬಾಂಬಿನ ಯೋಜನೆಯಲ್ಲಿ ವಿಕಿರಣದ ಧೂಳು ಹಿಡಿಯಲು ಮಾಡಿದ್ದು. ಮಿಲಿಮೀಟರಿನ ಹತ್ತು ಸಾವಿರದಲ್ಲಿ ಮೂರು ಪಾಲಿನಷ್ಟಿರುವ ಕಣಗಳಲ್ಲೂ ನೂರಕ್ಕೆ 99.97 ಭಾಗವನ್ನು ಹಿಡಿಯುತ್ತದೆ. ಸಿಗರೇಟಿನ ಹೊಗೆಯ ಕಣ ಅದಕ್ಕೆ ಸಿಕ್ಕುತ್ತದೆ. ಆದರೆ ಹೊಗೆಯೆಂದರೆ ಕಣ ಮಾತ್ರವಲ್ಲ, ಅನಿಲವೂ ಹೌದು. ಅನಿಲ ಹಾಳೆಯನ್ನು ದಾಟಿ ಹೋಗುತ್ತದೆ. ಅದಕ್ಕೆ ಬೇಕಾದದ್ದು ಸಕ್ಕರೆಯವರ ಇದ್ದಿಲು. ಅಗ್ಗದ ಯಂತ್ರಗಳಲ್ಲಿ ಇದ್ದಿಲು ಎಂದರೆ ಕಪ್ಪು ಬಳಿದ ಒಂದು ತೆಳು ಜಾಲರಿ. ಕೆಲವು ವಾರಕ್ಕೆ ತುಂಬಿಹೋಗುತ್ತದೆ. ಕಿಲೋಗಟ್ಟಲೆ ಇದ್ದಿಲು ಇರುವುದು ವಾಸನೆಗೆ ಸ್ವಲ್ಪ ಕೆಲಸ ಮಾಡೀತು. ಇಂಗಾಲದ ಮಾನಾಕ್ಸೈಡಿಗೆ ಅದೂ ಏನೂ ಮಾಡದು. ಓಝೋನ್ ಬಿಡುವ ಯಂತ್ರವನ್ನಂತೂ ಮನೆಗೆ ತರಲೇಬೇಡಿ, ಓಝೋನ್ ತಾನೇ ಶ್ವಾಸಕೋಶವನ್ನು ಉರಿಸುತ್ತದೆ. 2020ರಲ್ಲಿ ಕೊರೋನಾ ಕಾಲದಲ್ಲಿ ಅಮೆರಿಕದ ಕೋರ್ಸಿ, ರೋಸೆಂಥಾಲ್ ಎಂಬಿಬ್ಬರು ಫ್ಯಾನಿನ ಸುತ್ತ ಸೋಸುಹಾಳೆಗಳನ್ನು ಡಬ್ಬದಂತೆ ಕಟ್ಟಿ ಕಡಿಮೆ ಖರ್ಚಿನ ಯಂತ್ರ ಮಾಡಿದರು. ಮನೆಯಲ್ಲೇ ಕಟ್ಟಿಕೊಳ್ಳಬಹುದು, ಕೆಲಸವೂ ಚೆನ್ನಾಗಿ ಮಾಡುತ್ತದೆ, ಆದರೆ ಅದೂ ಕಣಕ್ಕೆ ಮಾತ್ರ.

ಸೊಸೆಗೆ ಲೆಕ್ಕ ಹಾಕಿ ತೋರಿಸಿದೆ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಯಲ್ಲಿ ಸುಮಾರು 28 ಘನ ಮೀಟರ್ ಗಾಳಿ. ಗಂಟೆಗೆ ಐದು ಸಲ ಸೋಸಬೇಕಾದರೂ ಯಂತ್ರ 140 ಘನ ಮೀಟರ್ ಶುದ್ಧ ಗಾಳಿ ಕೊಡಬೇಕು; ಡಬ್ಬದ ಮೇಲೆ ಸಿಎಡಿಆರ್ ಎಂದು ಬರೆದಿರುತ್ತದಲ್ಲ, ನೋಡಬೇಕಾದ ಅಂಕಿ ಅದು. ಸೇದುವ ಕೋಣೆಗೆ ಅದರ ಎರಡರಷ್ಟಾದರೂ ಬೇಕು. ಅಷ್ಟಾದ ಮೇಲೂ ಅಮೆರಿಕದ ಸರ್ಜನ್ ಜನರಲ್ ಅವರ 2006ರ ವರದಿ ಕೈಯೆತ್ತಿ ಹೇಳಿದೆ: ಕೋಣೆ ಬೇರೆ ಮಾಡುವುದು, ಗಾಳಿ ಸೋಸುವುದು, ಕಿಟಕಿ ತೆರೆಯುವುದು, ಯಾವುದರಿಂದಲೂ ಒಳಗೆ ಸೇದಿದ ಹೊಗೆಯಿಂದ ಉಳಿದವರಿಗೆ ಪೂರ್ತಿ ರಕ್ಷಣೆ ಸಿಗದು. ಅವಳು ಮಗುವಿನ ಬೆನ್ನು ತಟ್ಟುತ್ತ ಕೇಳಿಸಿಕೊಂಡು, “ಹಂಗಾದ್ರೆ ಮಾವನೋರಿಗೆ ನೀವೇ ಹೇಳಿ ದೊಡ್ಡತ್ತೆ” ಎಂದಳು.

ಹೇಳಿದೆ. ಮೈದುನ ನಕ್ಕ. “ಅಲ್ಲ ಅತ್ತಿಗೆ, ಅವ್ವ ಮೂವತ್ತು ವರ್ಷ ಆ ಒಲೆ ಹೊಗೇಲೇ ಇರ್ಲಿಲ್ವಾ? ನಮ್ಮನ್ನೆಲ್ಲ ಆ ಹೊಗೇಲೇ ಸಾಕ್ಲಿಲ್ವಾ? ನಾವೇನು ಸತ್ತೋದ್ವಾ?”

“ಅತ್ತೆ ಕೊನೇಲಿ ಹೆಂಗೆ ಮಲಗ್ತಿದ್ರು, ನೆನಪಿದೆಯೇನಪ್ಪ?” ಎಂದೆ.

ಅವನು ಮಾತಾಡಲಿಲ್ಲ. ರಾತ್ರಿಯ ಹೊತ್ತು ಅವರ ಬೆನ್ನಿಗೆ ದಿಂಬು ಕೊಡುತ್ತಿದ್ದವನು ಇವನೇ. ಸ್ವಲ್ಪ ಹೊತ್ತಾದ ಮೇಲೆ, ಅದು ಒಲೆ, ಇದು ಬೇರೆ ಎಂದ. ನಾನು ಮುಂದುವರಿಸಲಿಲ್ಲ.

ಯಂತ್ರ ಬರಲಿಲ್ಲ. ಅದಕ್ಕೆ ಎತ್ತಿಟ್ಟ ದುಡ್ಡಿನಲ್ಲಿ ತಾರಸಿಯ ಮೇಲೆ ಮೆಟ್ಟಿಲಿಗೆ ಸ್ವಲ್ಪ ದೂರದಲ್ಲಿ ನಾಲ್ಕು ಕಂಬ ನಿಲ್ಲಿಸಿ ತಗಡಿನ ಶೀಟು ಹಾಕಿಸಿದರು. ಬೆತ್ತದ ಕುರ್ಚಿಯನ್ನು ಅವನೇ ಮೇಲಕ್ಕೆ ಒಯ್ದನಂತೆ. ಕೋಣೆಯ ಪರದೆಗಳನ್ನು ಎರಡು ಸಲ ಒಗೆದರೂ ವಾಸನೆ ಹೋಗದೆ ಸೊಸೆ ಬೇರೆ ಹೊಲಿಸಿದಳು. ಈಗ ದಿನಕ್ಕೆ ಎಷ್ಟು ಎಂದು ನಾನು ಕೇಳಿಲ್ಲ. ಮಂಡಿನೋವಿನವನು ಎಷ್ಟು ಸಲ ಮೆಟ್ಟಿಲು ಹತ್ತಿಯಾನು? ಮೊನ್ನೆ ನಾನು ಹೋದಾಗ ಜೋರು ಮಳೆ. ಮೇಲಿನಿಂದ ಕೂಗಿದ. ಸೊಸೆ ಕೂಸನ್ನು ನನ್ನ ತೊಡೆಯ ಮೇಲೆ ಮಲಗಿಸಿ, ಛತ್ರಿಯನ್ನು ಮೆಟ್ಟಿಲ ತುದಿಯಲ್ಲಿಟ್ಟು ಇಳಿದು ಬಂದಳು.