ಲಾವಣಿಯೂ ಗಿಟಾರಿನ ತೋರುಬೆರಳೂ

ಚಿಕ್ಕೋಡಿ, ರಾಯಬಾಗ, ಅಥಣಿಗಳ ಕಡೆ ಲಾವಣಿ ಕೇಳಿದವರಿಗೆ ತುಂತುಣಿಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಕೊಳಗದಂಥ ಮರದ ಪಾತ್ರೆ, ಅದರ ತಳಕ್ಕೆ ಬಿಗಿದ ಚರ್ಮ, ಪಕ್ಕಕ್ಕೊಂದು ಕೋಲು, ಕೋಲಿನ ಬಿರಡೆಯಿಂದ ಚರ್ಮದವರೆಗೆ ಒಂದೇ ಒಂದು ತಂತಿ. ಗಡಿಯಾಚೆ ಪೊವಾಡ ಹಾಡುವ ಮರಾಠಿ ಶಾಹಿರರ ಕೈಯಲ್ಲಿಯೂ ಇದೇ ವಾದ್ಯ. ಅಲ್ಲಿ ಅದರ ಹೆಸರು ತುಣತುಣೆ. ಗಡಿಯ ತಂಟೆ ಈ ತಂತಿಯನ್ನು ಮುಟ್ಟಿಲ್ಲ. ಹಾಡುವವನ ದನಿ ಎತ್ತ ಹೋದರೂ ಅದು ಇದ್ದಲ್ಲಿಯೇ ಮಿಡಿಯುತ್ತಿರುತ್ತದೆ.

ಈಗ ನಮ್ಮ ಹುಡುಗರ ಹೆಗಲಿಗೆ ಗಿಟಾರು ಬಂದಿದೆ. ಸಂಗೊಳ್ಳಿ ರಾಯಣ್ಣನ ಲಾವಣಿಯನ್ನು ಅದರ ಮೇಲೆ ನುಡಿಸಬೇಕೆಂಬ ಹಂಬಲ ಅವರದು. ಕನ್ನಡದ ಮಾಸ್ತರನಾದ ನಾನೂ ನಲವತ್ತು ದಾಟಿದ ಮೇಲೆ ಅವರೊಡನೆ ಕಲಿಯಲು ಕುಳಿತೆ. ಹೊಸಬರಿಗೆ ಎದುರಾಗುವ ಕಂಟಕವೆಂದರೆ ಬಾರ್ ಕಾರ್ಡ್. ತೋರುಬೆರಳನ್ನು ಆರೂ ತಂತಿಗಳ ಮೇಲೆ ಅಡ್ಡ ಮಲಗಿಸಿ ಒತ್ತಬೇಕು. ಉಳಿದ ಮೂರು ಬೆರಳುಗಳು ಮುಂದಿನ ಮೆಟ್ಟುಗಳಲ್ಲಿ ತಮ್ಮ ತಮ್ಮ ತಂತಿ ಹಿಡಿಯಬೇಕು. ಒಂದು ವಾರ ನನಗೆ ಸೀಮೆಸುಣ್ಣ ಹಿಡಿಯುವುದೂ ಕಷ್ಟವಾಯಿತು. ಆದರೆ ಈ ಹಿಡಿತ ಕೈಗೆ ಕುಳಿತರೆ, ಬೆರಳುಗಳ ಆಕಾರ ಬದಲಿಸದೆ ಮೇಲಕ್ಕೂ ಕೆಳಕ್ಕೂ ಸರಿಸಿ ಬೇಕಾದ ಶ್ರುತಿಗೆ ನಿಲ್ಲಬಹುದು.

ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರಲ್ಲಿ. ಅರ್ಧ ಶತಮಾನದ ಮೇಲೆ, 1880ರ ದಶಕದಲ್ಲಿ, ಜೆ. ಎಫ್. ಫ್ಲೀಟ್ ಸಾಹೇಬರು ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಕನ್ನಡ ಲಾವಣಿಗಳನ್ನು ಇಂಗ್ಲಿಷ್ ಅನುವಾದದೊಡನೆ ಅಚ್ಚು ಹಾಕಿಸಿದರು, ರಾಯಣ್ಣನ ಹಾಡೂ ಅದರಲ್ಲಿತ್ತು. ನಮ್ಮ ಶಿಲಾಶಾಸನಗಳನ್ನು ಓದಿದ ಫ್ಲೀಟರೇ ಇವರು. ಬಂಡಾಯಗಾರನ ಹಾಡನ್ನು ಆಳುವವರ ಅಧಿಕಾರಿಯೇ ಕಾಪಿಟ್ಟದ್ದು ಚರಿತ್ರೆಯ ವಿನೋದಗಳಲ್ಲೊಂದು.

ಸಂತೆಯಲ್ಲಿ ಮಾರುವ ಲಾವಣಿ ಪುಸ್ತಕಗಳಲ್ಲಿ ಪದ ಸಿಗುತ್ತದೆ, ಮಟ್ಟು ಸಿಗದು. ಬಹಳವಾದರೆ ಇಂಥ ಹಾಡಿನ ಧಾಟಿ ಎಂದು ಒಂದು ಸಾಲು. ಗಿಟಾರಿನ ಹಿಂದಿನ ಕಥೆಯೂ ಹೀಗೆಯೇ ಇದೆ. 1606ರಲ್ಲಿ ಫ್ಲಾರೆನ್ಸಿನಲ್ಲಿ ಮೊಂಟೆಸಾರ್ಡೊ ಎಂಬಾತ ಒಂದೊಂದು ಹಿಡಿತಕ್ಕೆ ಒಂದೊಂದು ಅಕ್ಷರ ಗೊತ್ತುಮಾಡಿ ಪುಸ್ತಕ ತಂದ. ಆ ಶತಮಾನದ ಇಟಲಿಯ ಎಷ್ಟೋ ವಹಿಗಳಲ್ಲಿ ಹಾಡಿನ ಪದಗಳಿವೆ, ಅವುಗಳ ಮೇಲೆ ಅಕ್ಷರಗಳಿವೆ; ಮಟ್ಟು ಮಾತ್ರ ಇಲ್ಲ. ಅದು ಎಲ್ಲರಿಗೂ ಗೊತ್ತಿದೆಯೆಂದು ಬಿಟ್ಟರು. ‘ಕಾರ್ಡ್ ಬರೆದು ಕೊಡ್ರಿ ಸರ್, ಸಾಕು’ ಎನ್ನುವ ಹುಡುಗರಿಗೆ ನಾನು ಇದನ್ನೇ ಹೇಳುತ್ತೇನೆ. ಮೊದಲು ಹಾಡುವ ಮುದುಕರ ಬಳಿ ಹೋಗಿ ಕೇಳಿ ಬರಬೇಕು, ಅಕ್ಷರ ಆಮೇಲೆ.

ಕೇಳಿ ಬಂದ ಮೇಲೆ ಇನ್ನೊಂದು ತೊಡಕು ಕಾಣುತ್ತದೆ. ಆರು ತಂತಿಯ ಹಿಡಿತದಲ್ಲಿ ನಡುಬೆರಳು ಇಟ್ಟರೆ ಶುದ್ಧ ಗಾಂಧಾರ, ಎತ್ತಿದರೆ ಕೋಮಲ. ನಾನು ಕೇಳಿದ ಹಾಡುಗಾರರ ಗಾಂಧಾರವೋ ಎರಡರ ನಡುವೆ ತೂಗುವಂಥದು. ಗಿಟಾರು ಒಂದನ್ನು ನಿಶ್ಚಯಿಸಿಬಿಟ್ಟರೆ ಹಾಡು ಅದಕ್ಕೆ ತಲೆಬಾಗಬೇಕಾಗುತ್ತದೆ.

ಇದಕ್ಕೆ ಉತ್ತರ ನಮ್ಮ ನೆರೆಯಲ್ಲಿಯೇ ಇದೆ. ಕಾಗವಾಡದಿಂದ ಗಡಿ ದಾಟಿದರೆ ಮಿರಜ. ಹತ್ತೊಂಬತ್ತನೆಯ ಶತಮಾನದಿಂದ ಅಲ್ಲಿ ತಂಬೂರಿ, ಸಿತಾರು ಮಾಡುವ ಮನೆತನಗಳಿವೆ. ಅಬ್ದುಲ್ ಕರೀಂ ಖಾನರು ನೆಲೆಸಿದ ಊರದು. 2024ರಲ್ಲಿ ಅಲ್ಲಿಯ ತಂಬೂರಿಗೆ, ಸಿತಾರಿಗೆ ಭೌಗೋಳಿಕ ಸೂಚಿಕೆಯ ಮನ್ನಣೆಯೂ ದೊರೆಯಿತು. ತಂಬೂರಿಯನ್ನು ಸಾಮಾನ್ಯವಾಗಿ ಪಂಚಮ, ಷಡ್ಜ, ಷಡ್ಜ, ಮಂದ್ರ ಷಡ್ಜಕ್ಕೆ ಕೂಡಿಸುತ್ತಾರೆ; ಗಾಂಧಾರದ ಗೊಡವೆಗೇ ಹೋಗುವುದಿಲ್ಲ. ಬಾರ್ ಕಾರ್ಡಿನ ದಪ್ಪ ತಂತಿಗಳು ಮೂರನ್ನೇ ಮಿಡಿದು ನೋಡಿ: ಷಡ್ಜ, ಪಂಚಮ, ಷಡ್ಜ. ಉಳಿದ ಮೂರನ್ನು ಸುಮ್ಮನೆ ಬಿಟ್ಟರೆ ಗಾಂಧಾರ ಹಾಡುಗಾರನ ಕೊರಳಿಗೇ ಉಳಿಯುತ್ತದೆ.

ಹರದೇಶಿ ನಾಗೇಶಿಯ ವಾದದಲ್ಲಿ ಗಂಡಿನ ಪಕ್ಷಕ್ಕೂ ಹೆಣ್ಣಿನ ಪಕ್ಷಕ್ಕೂ ಅವರವರ ಮೇಳ, ಅವರವರ ಶ್ರುತಿ, ಅವರವರ ತುಂತುಣಿ. ನಮ್ಮಲ್ಲಿ ನಾಗೇಶಿ ಹಾಡುವವಳು ನಿಪ್ಪಾಣಿಯ ಹುಡುಗಿ. ಅವಳ ಪಾಳಿ ಬಂದಾಗ ಗಿಟಾರಿನವನು ಅದೇ ಹಿಡಿತವನ್ನು ಐದಾರು ಮೆಟ್ಟು ಮೇಲಕ್ಕೆ ಸರಿಸುತ್ತಾನೆ. ನಮ್ಮಲ್ಲಿರುವ ಗಿಟಾರು ಒಂದೇ.