ಉತ್ತರಾಧಿಕಾರಿ ಬೇಡದ ತಿಥಿ: ಹುಬ್ಬಳ್ಳಿಯ ಸಿದ್ಧಾರೂಢರ ಪುಣ್ಯಾರಾಧನೆ

ಗುರುವು ದೇಹ ಬಿಟ್ಟ ದಿನವನ್ನು ಶೋಕದ ದಿನವೆಂದು ಬಗೆಯದೆ ಉತ್ಸವವಾಗಿ ಆಚರಿಸುವ ಪದ್ಧತಿ ಹುಬ್ಬಳ್ಳಿ-ಧಾರವಾಡ ಸೀಮೆಯಲ್ಲಿ ಯಾವುದೇ ಒಂದು ಮತದ ಸ್ವತ್ತಲ್ಲ. ಮಾಧ್ವ ಮಠಗಳಲ್ಲಿ ಅದು ಆರಾಧನೆ, ವೀರಶೈವ ಮಠಗಳಲ್ಲಿ ಲಿಂಗೈಕ್ಯ ಗುರುವಿನ ಪುಣ್ಯಸ್ಮರಣೆ, ದರ್ಗಾಗಳಲ್ಲಿ ಉರುಸು. ಗೃಹಸ್ಥನ ವಾರ್ಷಿಕ ಶ್ರಾದ್ಧಕ್ಕೂ ಇದಕ್ಕೂ ಇರುವ ವ್ಯತ್ಯಾಸ ಮೂಲಭೂತವಾದುದು. ಶ್ರಾದ್ಧಕ್ಕೆ ಕರ್ತೃ ಬೇಕು, ಅವನು ಸಾಮಾನ್ಯವಾಗಿ ಮಗನಾಗಿರಬೇಕು, ಪಿಂಡ ಸಲ್ಲಬೇಕು. ಸನ್ಯಾಸಿಯಾದರೋ ದೀಕ್ಷೆಯ ಹೊತ್ತಿಗೇ ತನ್ನ ಶ್ರಾದ್ಧವನ್ನು ತಾನೇ ಮಾಡಿಕೊಂಡು ಕುಲದ ಋಣದಿಂದ ಹೊರಬಂದವನಾದ್ದರಿಂದ, ಅವನ ದೇಹವನ್ನು ಸುಡದೆ ಸಮಾಧಿ ಮಾಡುತ್ತಾರೆ. ಆ ಸಮಾಧಿಯ ಮೇಲಿನ ಪೂಜಾಸ್ಥಾನವೇ ಗದ್ದುಗೆ, ಮತ್ತು ತಿಥಿಯಂದು ಅಲ್ಲಿ ನಡೆಯುವುದು ಪಿಂಡಪ್ರದಾನವಲ್ಲ, ಪೂಜೆ ಮತ್ತು ಅನ್ನದಾಸೋಹ.

ಹುಬ್ಬಳ್ಳಿಯಲ್ಲಿ ಈ ಆಚರಣೆ ಊರ ಹಬ್ಬವಾಗಿ ಬೆಳೆದದ್ದು ಸಿದ್ಧಾರೂಢ ಸ್ವಾಮಿಗಳ ಮಠದಲ್ಲಿ. 1836ರಲ್ಲಿ ಬೀದರ ಸೀಮೆಯ ಚಳಕಾಪುರದಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಮನೆ ತೊರೆದು, ಗಜದಂಡ ಸ್ವಾಮಿಗಳಲ್ಲಿ ಶಿಷ್ಯತ್ವ ಪಡೆದು, ದೀರ್ಘಕಾಲ ದೇಶ ಸುತ್ತಿದ ಅವರು ಹುಬ್ಬಳ್ಳಿಯಲ್ಲಿ ನೆಲೆನಿಂತ ಮುಂದಿನ ದಶಕಗಳು, ಹತ್ತಿಯ ಪೇಟೆಯಾಗಿದ್ದ ಆ ಊರಿಗೆ ರೈಲ್ವೆಯೂ ಅದರ ಕಾರ್ಖಾನೆಯೂ ಬಂದು ನಾನಾ ಜಾತಿಯ, ನಾನಾ ಭಾಷೆಯ ದುಡಿಯುವ ಜನ ಸೇರಿದ ದಶಕಗಳೂ ಹೌದು. ನಿಜಗುಣ ಶಿವಯೋಗಿಗಳ ಶಾಸ್ತ್ರಗಳನ್ನು ಅದ್ವೈತದ ದೃಷ್ಟಿಯಿಂದ ಬಿಡಿಸಿ ಹೇಳುತ್ತ, ‘ಓಂ ನಮಃ ಶಿವಾಯ’ ಮಂತ್ರವನ್ನು ಬಂದವರಿಗೆಲ್ಲ ಕೊಟ್ಟ ಈ ಗುರುವಿಗೆ ಇಂಥದೇ ಭಕ್ತವರ್ಗ ಎಂಬುದಿರಲಿಲ್ಲ; ಮರಾಠಿ ಮನೆಗಳಲ್ಲಿಯೂ ಅವರ ಚರಿತ್ರೆಯ ಪಾರಾಯಣ ನಡೆಯುತ್ತದೆ. ಅವರು ದೇಹ ಬಿಟ್ಟದ್ದು 1929ರ ಆಗಸ್ಟ್ 21, ಬುಧವಾರ, ಶ್ರಾವಣ ಬಹುಳ ಪಾಡ್ಯದಂದು.

ಈ ತಿಥಿಗೆ ಪಂಚಾಂಗದಲ್ಲಿ ಒಂದು ನೆರೆಯಿದೆ. ಮಂತ್ರಾಲಯದ ರಾಘವೇಂದ್ರ ಸ್ವಾಮಿಗಳು 1671ರಲ್ಲಿ ಬೃಂದಾವನಸ್ಥರಾದದ್ದು ಶ್ರಾವಣ ಬಹುಳ ಬಿದಿಗೆಯಂದು. ಅವರ ಆರಾಧನೆ ಪೂರ್ವ, ಮಧ್ಯ, ಉತ್ತರ ಎಂದು ಮೂರು ದಿನ ನಡೆಯುವುದರಿಂದ ಪೂರ್ವಾರಾಧನೆಯ ತಿಥಿಯೂ ಸಿದ್ಧಾರೂಢರ ತಿಥಿಯೂ ಒಂದೇ. ಹೀಗಾಗಿ ದ್ವೈತ ಪರಂಪರೆಯ ಯತಿಯನ್ನೂ ಅದ್ವೈತ ಬೋಧಿಸಿದ ಆರೂಢನನ್ನೂ ಒಂದೇ ಊರು ಒಂದೇ ಬೆಳಗಿನಲ್ಲಿ ಪೂಜಿಸುತ್ತದೆ. ಸಿದ್ಧಾಂತಿಗಳು ಇದಕ್ಕೆ ಏನೆನ್ನುತ್ತಾರೋ, ಭಕ್ತರಿಗಂತೂ ಇದರಿಂದ ತೊಡಕಾದಂತಿಲ್ಲ.

ತಿಥಿಯನ್ನು ಹೀಗೆ ಚಾಂದ್ರಮಾನದಿಂದ ಹಿಡಿಯುವ ರೂಢಿ ಯಹೂದಿಗಳಲ್ಲಿಯೂ ಇದೆ. ಅವರ ಪಂಚಾಂಗ 19 ವರ್ಷಗಳಲ್ಲಿ 7 ಅಧಿಕ ಮಾಸಗಳನ್ನು ಸೇರಿಸಿ ಚಂದ್ರನ ತಿಂಗಳನ್ನು ಸೂರ್ಯನ ಋತುವಿಗೆ ಹೊಂದಿಸುತ್ತದೆ. ತಂದೆತಾಯಿಯರ ತಿಥಿಯಂದು ಮನೆಯಲ್ಲಿ ಒಂದು ಹಗಲು-ರಾತ್ರಿ ಉರಿಯುವ ದೀಪವನ್ನಿಟ್ಟು, ಮಗನು ಸಭೆಯ ನಡುವೆ ನಿಂತು ‘ಕದ್ದಿಶ್’ ಎಂಬ ಸ್ತುತಿಯನ್ನು ಹೇಳುವುದು ಅವರ ಸಂಪ್ರದಾಯ; ಇದು ನಮ್ಮ ಶ್ರಾದ್ಧಕ್ಕೆ ಹತ್ತಿರವಾದುದು. ಪೂಜ್ಯ ರಬ್ಬಿಯ, ಅಂದರೆ ಧರ್ಮಗುರುವಿನ, ತಿಥಿಯಾದರೆ ಅದು ‘ಹಿಲ್ಲೂಲಾ’ ಆಗುತ್ತದೆ: ಗೋರಿಯ ಬಳಿ ದೀಪ, ಹಾಡು, ಊಟ. ಗಲಿಲಾಯ ಪ್ರಾಂತದ ಮೆರೋನಿನಲ್ಲಿ, 2ನೆಯ ಶತಮಾನದ ರಬ್ಬಿ ಶಿಮೋನ್ ಬರ್ ಯೋಹಾಯಿಯವರದೆಂದು ನಂಬಲಾದ ಗೋರಿಯ ಸುತ್ತ ಇಯ್ಯಾರ್ ಮಾಸದ 18ರಂದು ಬೆಂಕಿ ಹೊತ್ತಿಸಿ ಜನ ಕುಣಿಯುತ್ತಾರೆ. ಅಗಲಿಕೆಯನ್ನು ಆತ್ಮವು ಪರಮಾತ್ಮನನ್ನು ಕೂಡಿದ ಮಂಗಳವೆಂದು ತಿಳಿಯುವುದರಲ್ಲಿ ಹಿಲ್ಲೂಲಾಕ್ಕೂ ಉರುಸಿಗೂ ಭೇದವಿಲ್ಲ.

ಇದರ ಭಾರತೀಯ ನಿದರ್ಶನ ಕೊಚ್ಚಿಯ ಮಟ್ಟಾಂಚೇರಿಯಲ್ಲಿದೆ. ಅಲ್ಲಿನ ನೆಹೆಮಿಯಾ ಮೋತ ಎಂಬ ಅನುಭಾವಿಯು ತೀರಿಕೊಂಡದ್ದು 1615ರ ಕಿಸ್ಲೇವ್ ಮಾಸದ 25ರಂದು, ಹನುಕ್ಕಾ ಎಂಬ ದೀಪದ ಹಬ್ಬದ ಮೊದಲ ದಿನ, ಎಂದು ಗೋರಿಯ ಹೀಬ್ರೂ ಬರಹ ಹೇಳುತ್ತದೆ. ಸುತ್ತಲಿನ ಸ್ಮಶಾನ ಅಳಿದು ಆ ಗೋರಿಯೊಂದು ಉಳಿದಿದೆ. ಕೊಚ್ಚಿಯ ಯಹೂದಿಗಳಲ್ಲಿ ಹೆಚ್ಚಿನವರು 1950ರ ದಶಕದಿಂದೀಚೆಗೆ ಇಸ್ರೇಲಿಗೆ ವಲಸೆ ಹೋದ ಮೇಲೆ ಅಲ್ಲಿ ಮೇಣದಬತ್ತಿ ಹಚ್ಚಿ ಹರಕೆ ಕಟ್ಟಿಕೊಳ್ಳುತ್ತ ಬಂದವರು ನೆರೆಯ ಹಿಂದೂ, ಕ್ರೈಸ್ತ, ಮುಸ್ಲಿಮರು. ಮಗನಿಲ್ಲದೆ ಕದ್ದಿಶ್ ನಿಲ್ಲಬಹುದು, ಹರಕೆ ನಿಲ್ಲಲಿಲ್ಲ.

ಹುಬ್ಬಳ್ಳಿಯ ಮಠದಲ್ಲಿಯೂ ಕೆಲಸ ಮಾಡಿದ್ದು ಈ ತರ್ಕವೇ. ಸಿದ್ಧಾರೂಢರ ಗದ್ದುಗೆಯ ಜೊತೆಗೆ ಶಿಷ್ಯ ಗುರುನಾಥಾರೂಢರ ಗದ್ದುಗೆಯೂ ಅಲ್ಲಿದೆ. ಆದರೆ ಮಠದ ಆಡಳಿತ ಪೀಠದಿಂದ ಪೀಠಕ್ಕೆ ಇಳಿದು ಬಂದಿಲ್ಲ, ಧಾರವಾಡದ ಜಿಲ್ಲಾ ನ್ಯಾಯಾಧೀಶರ ಮೇಲ್ವಿಚಾರಣೆಯಲ್ಲಿ ಟ್ರಸ್ಟ್ ಸಮಿತಿ ಅದನ್ನು ನಡೆಸುತ್ತದೆ. ಶಿವರಾತ್ರಿಯ ಮರುದಿನದ ದೊಡ್ಡ ತೇರಿನಷ್ಟೇ ಶ್ರಾವಣದ ಪುಣ್ಯಾರಾಧನೆಯ ಅಂಗವಾದ ಜಲರಥೋತ್ಸವವೂ ಜನರನ್ನು ಸೆಳೆಯುತ್ತದೆ. ನಾಮಸ್ಮರಣೆಯ ಸಪ್ತಾಹ ನಡೆದು, ದಾಸೋಹದ ಪಂಕ್ತಿಗಳು ಏಳುತ್ತಿರುವಾಗ, ತೆಪ್ಪದ ಮೇಲೆ ಕಟ್ಟಿದ ಅಲಂಕೃತ ರಥವನ್ನು ಮಠದ ಹೊಂಡದಲ್ಲಿ ತೇಲಿಸುತ್ತಾರೆ. ಸುತ್ತಲಿನ ಮೆಟ್ಟಿಲುಗಳ ಮೇಲೆ ಕಿಕ್ಕಿರಿದವರಲ್ಲಿ ಬೆಳಗಾವಿ, ಸೊಲ್ಲಾಪುರದ ಕಡೆಯ ಭಕ್ತರೂ ಇರುತ್ತಾರೆ. ಅವರು ಇಳಿಯುವ ಹುಬ್ಬಳ್ಳಿ ರೈಲು ನಿಲ್ದಾಣಕ್ಕೆ 2020ರಿಂದ ಸಿದ್ಧಾರೂಢ ಸ್ವಾಮಿಗಳದೇ ಹೆಸರು.