ಫಿಲ್ಮು ಪ್ರತಿಯ ಸ್ಕ್ಯಾನಿಂಗ್ ಮತ್ತು ಪ್ರತಿಪರಂಪರೆ

ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿರುವ ಧವಲಾ ಗ್ರಂಥದ ಓಲೆಗರಿಗಳು ಬಹುಕಾಲ ದರ್ಶನಕ್ಕಷ್ಟೇ ಲಭ್ಯವಾಗಿದ್ದವೆಂಬುದು ವಿದ್ವಾಂಸರಿಗೆ ವಿದಿತವೇ ಆಗಿದೆ. 1896ರಲ್ಲಿ ಅವುಗಳ ಪ್ರತಿಲಿಪಿಕಾರ್ಯ ಆರಂಭವಾಯಿತು. ಆ ಕಾರ್ಯದಲ್ಲಿದ್ದ ಗಜಪತಿ ಉಪಾಧ್ಯಾಯರು ಮನೆಯಲ್ಲಿ ಗುಪ್ತವಾಗಿ ಸಿದ್ಧಪಡಿಸಿಕೊಂಡ ಕನ್ನಡ ಪ್ರತಿಯು ಸಹಾರನಪುರವನ್ನು ಸೇರಿತು. ಅಲ್ಲಿಂದ ಹೊರಟ ನಾಗರೀ ಪ್ರತಿಗಳನ್ನು ಆಧರಿಸಿ ಹೀರಾಲಾಲ ಜೈನರು 1939ರಲ್ಲಿ ಮೊದಲ ಸಂಪುಟವನ್ನು ಪ್ರಕಟಿಸಿದರು. ಸತ್ಪ್ರರೂಪಣೆಯ 93ನೆಯ ಸೂತ್ರದಲ್ಲಿ ‘ಸಂಜದ’ ಎಂಬ ಪದವಿರಬೇಕೆಂದು ಅವರು ಅಡಿಟಿಪ್ಪಣಿಯಲ್ಲಿ ಊಹಿಸಿದರು. ಸ್ತ್ರೀಮುಕ್ತಿಯ ಪ್ರಶ್ನೆಗೆ ತಗುಲಿದ ಈ ಪದ ದೊಡ್ಡ ವಾದಕ್ಕೆ ಕಾರಣವಾಯಿತು. ಕೊನೆಗೆ ಮೂಡುಬಿದಿರೆಯ ಓಲೆಗರಿಯಲ್ಲಿ ಆ ಪದ ಇರುವುದು ಕಂಡುಬಂದಿತು. ಪ್ರತಿಯ ಪ್ರತಿಯಲ್ಲಿ ಲುಪ್ತವಾದುದನ್ನು ಮಾತೃಕೆಯೇ ಉಳಿಸಿಕೊಟ್ಟಿತು.

ಈ ಪ್ರಸಂಗವು ಇಂದಿನ ಒಂದು ರೂಢಿಯನ್ನು ಪರಿಶೀಲಿಸಲು ಸಹಾಯಕವಾಗುತ್ತದೆ. ಬೆಂಗಳೂರಿನ ಜ್ಞಾನಭಾರತಿಯ ಆಸುಪಾಸಿನಲ್ಲಿ ನೆಲೆಸಿದ ಸಂಶೋಧಕನಿಗೆ ಮೂಡುಬಿದಿರೆಯ ಭಂಡಾರ ನಿತ್ಯ ಎಟುಕುವುದಲ್ಲ. ಓಲೆಗಳ ಫಿಲ್ಮು ನೆಗೆಟಿವ್ ದೊರೆತರೆ ಅದನ್ನು ಮನೆಯಲ್ಲಿಯೇ ಸ್ಕ್ಯಾನರಿನ ಗಾಜಿನ ಮೇಲಿರಿಸಿ ಗಣಕಕ್ಕೆ ಇಳಿಸಿಕೊಳ್ಳಬಹುದು. ಫಿಲ್ಮಿಗೆ ಬೆಳಕು ಹಿಂದಿನಿಂದ ಹಾಯಬೇಕಾದುದರಿಂದ ಮುಚ್ಚಳದಲ್ಲಿಯೂ ದೀಪವಿರುವ ಯಂತ್ರವೇ ಇದಕ್ಕೆ ತಕ್ಕುದು.

ಇಲ್ಲಿ ಯಂತ್ರವೇ ಲಿಪಿಕಾರ. ಅದರ ಸ್ಖಾಲಿತ್ಯಗಳೂ ಗಣನೀಯ. 60 ಸೆಂಟಿಮೀಟರ್ ಉದ್ದದ ಗರಿಯನ್ನು 36 ಮಿಲಿಮೀಟರ್ ಅಗಲದ ಚೌಕಟ್ಟಿನಲ್ಲಿ ಹಿಡಿದಾಗ 5 ಮಿಲಿಮೀಟರಿನ ಅಕ್ಷರ 0.3 ಮಿಲಿಮೀಟರಿಗೆ ಕುಗ್ಗುತ್ತದೆ. ಅಂಗುಲಕ್ಕೆ 300 ಬಿಂದುಗಳಂತೆ ತೆಗೆದರೆ ಆ ಅಕ್ಷರಕ್ಕೆ ದೊರೆಯುವುದು ಮೂರು ನಾಲ್ಕು ಬಿಂದುಗಳು ಮಾತ್ರ. 2400ರಂತೆ ತೆಗೆದರೆ ಸುಮಾರು 28. ಯಂತ್ರದ ವಾಸ್ತವ ಸಾಮರ್ಥ್ಯವು ನಮೂದಿತ ಸಂಖ್ಯೆಗಿಂತ ಕಡಿಮೆಯಿರುವುದುಂಟು. ನೆಗೆಟಿವಿನ ಮೇಲೆ ಕುಳಿತ ಧೂಳು ಪಾಸಿಟಿವಿನಲ್ಲಿ ಬಿಳಿಯ ಚುಕ್ಕೆಯಾಗಿ ಅಕ್ಷರದ ಗೆರೆಯನ್ನು ತುಂಡರಿಸುತ್ತದೆ. ಲೇಪನದಲ್ಲಿನ ಸೂಕ್ಷ್ಮ ರಂಧ್ರ ಕಪ್ಪು ಚುಕ್ಕೆಯಾಗಿ ಇಲ್ಲದ ಚಿಹ್ನೆಯೊಂದನ್ನು ಸೃಷ್ಟಿಸುತ್ತದೆ. ಅವಕೆಂಪು ಕಿರಣದಿಂದ ಧೂಳನ್ನು ತಾನಾಗಿ ಅಳಿಸುವ ವ್ಯವಸ್ಥೆಯನ್ನು ಕಪ್ಪುಬಿಳುಪು ಫಿಲ್ಮಿಗೆ ಬಳಸಬಾರದು. ಅದರ ಬೆಳ್ಳಿಯ ಕಣಗಳು ಆ ಕಿರಣವನ್ನೇ ತಡೆಯುವುದರಿಂದ ಯಂತ್ರವು ಚಿತ್ರವನ್ನೇ ಧೂಳೆಂದು ಬಗೆದು ತಿದ್ದುವ ಸಂಭವವಿದೆ.

ಇಷ್ಟಾದರೂ ಈ ಕಾರ್ಯ ಅವಶ್ಯವೇ. ಅಸಿಟೇಟ್ ಫಿಲ್ಮು ಶೆಕೆ ಮತ್ತು ತೇವಕ್ಕೆ ಸಿಲುಕಿ ಹುಳಿವಾಸನೆ ಬೀರುತ್ತ ಸುಕ್ಕುಗಟ್ಟಿ ನಶಿಸುತ್ತದೆ. ಆ ಬಳಿಕ ಅದರಿಂದ ಪ್ರತಿ ತೆಗೆಯುವುದು ದುಸ್ಸಾಧ್ಯ. ಆದುದರಿಂದ ತಿದ್ದದ ಮೊದಲ ಚಿತ್ರವನ್ನು ಪ್ರತ್ಯೇಕವಾಗಿ ಕಾಪಿಡಬೇಕು. ಫಿಲ್ಮು ಮೂಲದ್ದೋ ನಕಲಿನದ್ದೋ, ಬಿಂದುಸಾಂದ್ರತೆ ಎಷ್ಟು, ತೆಗೆದ ದಿನಾಂಕ ಯಾವುದು ಎಂಬಿವನ್ನು ಅದರೊಡನೆ ಬರೆದಿಡಬೇಕು. ಸಂಪಾದಕನು ಗಣಕಪ್ರತಿಯನ್ನು ಓಲೆಯ ಸ್ಥಾನದಲ್ಲಿ ನಿಲ್ಲಿಸದೆ, ಓಲೆಯಿಂದ ಫಿಲ್ಮು, ಫಿಲ್ಮಿನಿಂದ ಚಿತ್ರ ಎಂದು ಅದರ ಪರಂಪರೆಯನ್ನು ಪೀಠಿಕೆಯಲ್ಲಿ ಸ್ಪಷ್ಟಪಡಿಸುವುದು ಉಚಿತ. ಬಿಂದು, ದೀರ್ಘ, ಒತ್ತಕ್ಷರಗಳಲ್ಲಿ ಸಂದೇಹ ಬಂದೆಡೆ ನಿರ್ಣಯವನ್ನು ಓಲೆಗರಿಯ ಪರಿಶೀಲನೆಗೇ ಬಿಡಬೇಕು.